ದ್ವಿಭಾಷಾ ಪದವಿ ಮತ್ತು ಬೋಧನಾ ಮಾಧ್ಯಮ: ಒಟ್ಟಾವಾ ವಿಶ್ವವಿದ್ಯಾಲಯದ ನಿದರ್ಶನ

ದ್ವಿಭಾಷಾ ಪದವಿಯಲ್ಲಿ ಕೇಳಿ ಕಲಿಯುವ ಭಾಷೆಯೂ ಬರೆದು ತೋರುವ ಭಾಷೆಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಕೆನಡಾದಲ್ಲಿ 1848ರಲ್ಲಿ ಸ್ಥಾಪನೆಗೊಂಡ ಒಟ್ಟಾವಾ ವಿಶ್ವವಿದ್ಯಾಲಯದಲ್ಲಿ ಬೋಧನೆಯು ಇಂಗ್ಲಿಷ್ ಹಾಗೂ ಫ್ರೆಂಚ್ ಭಾಷೆಗಳಲ್ಲಿ ನಡೆಯುತ್ತದೆ. ತರಗತಿಯ ಭಾಷೆ ಯಾವುದೇ ಇರಲಿ, ಭಾಷಾಬೋಧನೆಯಂತಹ ಕೆಲವು ಪತ್ರಿಕೆಗಳನ್ನು ಹೊರತುಪಡಿಸಿ, ವಿದ್ಯಾರ್ಥಿಯು ಇವೆರಡರಲ್ಲಿ ತಾನು ಬಯಸಿದ ಭಾಷೆಯಲ್ಲಿ ಉತ್ತರಿಸಬಹುದು. ಈ ಹಕ್ಕು ಬರವಣಿಗೆಗೆ ರಕ್ಷಣೆ ನೀಡುತ್ತದೆ. ಆದರೆ ಉಪನ್ಯಾಸವನ್ನು ಗ್ರಹಿಸುವ ಶಕ್ತಿಯನ್ನು ಅದು ಕೊಡಲಾರದು. ಫ್ರೆಂಚ್ ಎರಡನೆಯ ಭಾಷೆಯಾಗಿರುವವರಿಗಾಗಿ 2006ರಲ್ಲಿ ಆರಂಭವಾದ ಇಮರ್ಶನ್ ಯೋಜನೆಯಲ್ಲಿ ವಿಷಯಪಾಠದೊಂದಿಗೆ ಅದಕ್ಕೆ ಹೊಂದಿಕೊಂಡ ಭಾಷಾಪಾಠವೂ ಉಂಟು. ಕೆಲವು ಫ್ರೆಂಚ್ ಪತ್ರಿಕೆಗಳಲ್ಲಿ ಅಂಕಗಳ ಬದಲು ತೇರ್ಗಡೆಯನ್ನಷ್ಟೇ ದಾಖಲಿಸುವ ಅವಕಾಶವಿರುವುದರಿಂದ ಶ್ರೇಣಿ ಕುಸಿಯುವ ಭಯವೂ ತಗ್ಗುತ್ತದೆ. ಆಯ್ಕೆಯ ಹಕ್ಕು ಫಲಿಸಬೇಕಾದರೆ ಭಾಷೆಯಿಂದ ಭಾಷೆಗೆ ದಾಟುವ ದಾರಿಯನ್ನು ಪಠ್ಯಕ್ರಮವೇ ಒದಗಿಸಬೇಕೆಂಬುದು ಇದರಿಂದ ವಿದಿತವಾಗುತ್ತದೆ.