ತಾತ್ಕಾಲಿಕ ಕೆಲಸಗಾರನ ಹಕ್ಕು ತಾತ್ಕಾಲಿಕವಲ್ಲ

ಕಳೆದ ತಿಂಗಳು ಜುಮಾ ನಮಾಝ್ ಮುಗಿದ ಮೇಲೆ ಒಬ್ಬ ಯುವಕ ನಮ್ಮ ಬಳಿ ಬಂದ. ಗುತ್ತಿಗೆದಾರನ ಕೈಕೆಳಗೆ ಎರಡು ವರ್ಷ ದುಡಿದವನು. ಕೆಲಸದಿಂದ ಬಿಡಿಸಿ ಒಂದೂವರೆ ತಿಂಗಳಾದರೂ ಬಾಕಿ ಸಂಬಳ ಸಿಕ್ಕಿರಲಿಲ್ಲ. "ಹಝ್ರತ್, ದೂರು ಕೊಟ್ಟರೆ ಸಬ್ರ್‌ಗೆ ವಿರುದ್ಧವಾಗುತ್ತದೆಯೇ?" ಎಂದು ಕೇಳಿದ. ನಂತರದ ಶುಕ್ರವಾರದ ಖುತ್ಬಾದಲ್ಲಿ ನಾವು ಅದಕ್ಕೇ ಉತ್ತರ ಹೇಳಿದೆವು. ಅದರ ಸಾರಾಂಶ ಇಲ್ಲಿದೆ.

ಸಬ್ರ್ ಎಂದರೆ ಅನ್ಯಾಯವನ್ನು ಒಪ್ಪಿಕೊಂಡು ಸುಮ್ಮನಿರುವುದಲ್ಲ. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಖಿಯಾಮತ್ ದಿನ ಸ್ವತಃ ಅಲ್ಲಾಹನೇ ಪ್ರತಿವಾದಿಯಾಗಿ ನಿಲ್ಲುವನೆಂದು ಸಹೀಹ್ ಬುಖಾರಿಯ ಹದೀಸ್ ಎಚ್ಚರಿಸುತ್ತದೆ. ಹಾಗಿರುವಾಗ ಆ ಹಕ್ಕನ್ನು ಕೇಳುವುದು ತಪ್ಪಾಗುವುದಾದರೂ ಹೇಗೆ?

ಸೂರಃ ಅಲ್ ಕಸಸ್‌ನಲ್ಲಿ ಮೂಸಾ(ಅ)ರ ಕೆಲಸದ ಕರಾರಿನ ಪ್ರಸ್ತಾಪವಿದೆ: ಎಂಟು ವರ್ಷ, ಅವರಿಗೆ ಇಷ್ಟವಿದ್ದರೆ ಹತ್ತು. ಅದೂ ನಿಗದಿತ ಅವಧಿಯ ಕೆಲಸವೇ. ಆದರೆ ಅವಧಿ, ಪ್ರತಿಫಲ ಎರಡೂ ಮೊದಲೇ ಸ್ಪಷ್ಟವಾಗಿದ್ದವು.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ?

ಒಂದು, ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನ ಖಾಯಂ ನೌಕರನಿಗೂ ತಾತ್ಕಾಲಿಕ ನೌಕರನಿಗೂ ಅನ್ವಯಿಸುತ್ತದೆ.

ಎರಡು, ಗುತ್ತಿಗೆದಾರ ಸಂಬಳ ಕೊಡದಿದ್ದರೆ ಆ ಹೊಣೆ ಕೆಲಸ ಮಾಡಿಸಿಕೊಂಡ ಸಂಸ್ಥೆಯ ಮೇಲೆ ಬೀಳುತ್ತದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿದ್ದ ಈ ನಿಯಮ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಉಳಿದಿದೆ.

ಮೂರು, ಕೆಲಸದಿಂದ ತೆಗೆದರೂ, ತಾನೇ ಬಿಟ್ಟರೂ, ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ. ಬೆವರು ಆರುವ ಮುನ್ನ ಕೂಲಿ ಕೊಡಿರೆಂಬ ಪ್ರವಾದಿ(ಸ)ರ ಬೋಧನೆ ನೆನಪಾಗುವುದಿಲ್ಲವೇ?

ನಾಲ್ಕು, ಸಾಮಾನ್ಯವಾಗಿ 20 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಭವಿಷ್ಯನಿಧಿ ಇರಬೇಕು. 10 ಅಥವಾ ಹೆಚ್ಚು ಮಂದಿಯಿರುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರಿಗೆ ಇಎಸ್‌ಐ ಇರಬೇಕು. ಗುತ್ತಿಗೆ ಕಾರ್ಮಿಕರನ್ನು ಇದರಿಂದ ಹೊರಗಿಡುವಂತಿಲ್ಲ.

ಆದ್ದರಿಂದ ದುಡಿಯುವ ಸಹೋದರ ಸಹೋದರಿಯರು ಹಾಜರಿ ಚೀಟಿ, ಬ್ಯಾಂಕ್ ಪಾಸ್‌ಬುಕ್, ಮೇಸ್ತ್ರಿ ಕಳಿಸಿದ ಮೊಬೈಲ್ ಸಂದೇಶ, ಎಲ್ಲವನ್ನೂ ಜೋಪಾನವಾಗಿಡಿ. ಬಾಯಿಮಾತಿಗೆ ಬಗ್ಗದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಲಿಖಿತ ದೂರು ಕೊಡಿ. ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಸಿಗುತ್ತದೆ.

ಇನ್ನೊಂದು ಮಾತು. ನಮ್ಮ ಸಫ್‌ಗಳಲ್ಲಿ ಕೂಲಿ ಪಡೆಯುವವರಷ್ಟೇ ಅಲ್ಲ, ಕೊಡುವವರೂ ನಿಲ್ಲುತ್ತಾರೆ. ಹೋಟೆಲ್, ಗ್ಯಾರೇಜ್, ಅಂಗಡಿ ನಡೆಸುವವರು, ಗುತ್ತಿಗೆದಾರರು. "ಅವನು ಟೆಂಪರರಿ" ಎಂಬ ಮಾತು ಹಿಸಾಬಿನ ದಿನ ನಡೆಯದು. ಮಸೀದಿ ಕಮಿಟಿಗಳೂ ಕೇಳಿಕೊಳ್ಳಲಿ: ನಮ್ಮ ಮುಅಝ್ಝಿನ್, ಮದ್ರಸಾ ಅಧ್ಯಾಪಕರು, ಕಸ ಗುಡಿಸುವ ತಾಯಿ, ಇವರಿಗೆ ಸಂಬಳ ಎಷ್ಟು, ಯಾವ ತಾರೀಕಿಗೆ ಎಂದು ಬರೆದುಕೊಟ್ಟಿದ್ದೇವೆಯೇ?

ಆ ಯುವಕನ ಅರ್ಜಿಯನ್ನು ಮಸೀದಿಯ ಜಗಲಿಯಲ್ಲೇ ಕೂತು ಬರೆದುಕೊಟ್ಟೆವು. ಹಣ ಇನ್ನೂ ಬಂದಿಲ್ಲ. ಆದರೆ ಹಕ್ಕು ಕೇಳುವುದು ಗುನಾಹ್ ಅಲ್ಲವೆಂದು ತಿಳಿದು ಅವನು ತಲೆಯೆತ್ತಿ ಹೋದ. ಹಕ್ಕುದಾರರಿಗೆ ಹಕ್ಕು ತಲುಪಿಸುವ ತೌಫೀಕ್ ಅಲ್ಲಾಹನು ನಮಗೆಲ್ಲ ನೀಡಲಿ, ಆಮೀನ್.