ಕಾರಿನ ಎ.ಸಿ.: ಗ್ಯಾಸ್ ತುಂಬಿಸುವ ಮುನ್ನ ದೋಷವನ್ನರಿಯಿರಿ

ಶಾಲೆಗಳಿಗೆ ಬೇಸಿಗೆ ರಜೆ ಆರಂಭವಾಗುತ್ತಿದ್ದಂತೆ ಹೊರನಾಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಊರಿನ ದಾರಿ ಹಿಡಿಯುವುದು ವಾಡಿಕೆ. ಒಂದು ಕಾಲದಲ್ಲಿ ರೈಲು, ಬಸ್ಸುಗಳೇ ಆಧಾರವಾಗಿದ್ದವು. ಈಗ ಅನೇಕರು ಸ್ವಂತ ಕಾರಿನಲ್ಲಿಯೇ ಹೊರಡುತ್ತಾರೆ. ಮುಂಬಯಿಯಿಂದ ಪುಣೆ, ಸಾತಾರಾ, ಕೊಲ್ಹಾಪುರ, ಬೆಳಗಾವಿಗಳ ಮೂಲಕ ಹುಬ್ಬಳ್ಳಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಮೇ ತಿಂಗಳ ನಡುಹಗಲಿನಲ್ಲಿ, ವಯೋವೃದ್ಧರನ್ನೂ ಎಳೆಯ ಮಕ್ಕಳನ್ನೂ ಕರೆದುಕೊಂಡು ಹೋಗುವಾಗ ಎ.ಸಿ. ಕೈಕೊಟ್ಟರೆ ಅದು ಕೇವಲ ಸುಖಸೌಕರ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಆರೋಗ್ಯದ ಪ್ರಶ್ನೆಯಾಗುತ್ತದೆ.

ಹೊರಡುವ ಮುನ್ನ ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: "ಗ್ಯಾಸ್ ಮುಗಿದಿದೆ, ತುಂಬಿಸಬೇಕು." ತುಂಬಿಸಿದ ಮೇಲೆ ಕೆಲವು ದಿನ ತಂಪು ದೊರೆಯುತ್ತದೆ. ತಿಂಗಳೆರಡು ತಿಂಗಳಲ್ಲಿ ಮತ್ತೆ ಅದೇ ಬಿಸಿಗಾಳಿ, ಅದೇ ಉತ್ತರ, ಅದೇ ಖರ್ಚು. ವಾಸ್ತವದಲ್ಲಿ ಈ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ಪದಾರ್ಥವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ರಬ್ಬರ್ ಕೊಳವೆಗಳ ಮೂಲಕ ಹಲವು ವರ್ಷಗಳಲ್ಲಿ ಅತ್ಯಲ್ಪ ಪ್ರಮಾಣ ಹೊರಹೋಗಬಹುದು, ನಿಜ. ಆದರೆ ಒಂದೇ ಬೇಸಿಗೆಯಲ್ಲಿ ಎರಡು ಬಾರಿ "ಮುಗಿಯಿತು" ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಅದಲ್ಲದೆ, ತಂಪು ಕಡಿಮೆಯಾಗಲು ಗ್ಯಾಸಿಗೆ ಸಂಬಂಧವೇ ಇಲ್ಲದ ಕಾರಣಗಳೂ ಹಲವಿವೆ. ಕಾರಣವನ್ನು ಕಂಡುಕೊಳ್ಳದೆ ಮಾಡುವ ಚಿಕಿತ್ಸೆ ಹಣವನ್ನಷ್ಟೇ ತಿನ್ನುತ್ತದೆ.

ತಂಪು ಹುಟ್ಟುವ ಬಗೆ

ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ತತ್ತ್ವದಿಂದ. ನಮ್ಮ ಕಾರುಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಆರ್-134ಎ ಎಂಬ ಗ್ಯಾಸ್, ವಾತಾವರಣದ ಸಹಜ ಒತ್ತಡದಲ್ಲಿ ಶೂನ್ಯಕ್ಕಿಂತ ಸುಮಾರು 26 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಎಂಜಿನ್ನಿನ ಬೆಲ್ಟ್‌ನಿಂದ ತಿರುಗುವ ಕಂಪ್ರೆಸರ್ ಇದನ್ನು ಒತ್ತಿ ಬಿಸಿಮಾಡಿ, ರೇಡಿಯೇಟರಿನ ಮುಂದೆ ನಿಂತಿರುವ ಕಂಡೆನ್ಸರಿಗೆ ಕಳುಹಿಸುತ್ತದೆ. ಅಲ್ಲಿ ಅದು ಶಾಖವನ್ನು ಹೊರಗಾಳಿಗೆ ಬಿಟ್ಟು ದ್ರವವಾಗುತ್ತದೆ. ಡ್ರೈಯರ್ ಎಂಬ ಭಾಗ ಅದರಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಮುಂದೆ ಎಕ್ಸ್‌ಪಾನ್ಷನ್ ವಾಲ್ವಿನ ಕಿರಿದಾದ ರಂಧ್ರದಿಂದ ಹಾಯ್ದು ಒತ್ತಡ ಕುಸಿದಾಗ, ಡ್ಯಾಶ್‌ಬೋರ್ಡಿನ ಹಿಂದಿರುವ ಇವಾಪರೇಟರಿನಲ್ಲಿ ಆವಿಯಾಗಿ ಒಳಗಿನ ಗಾಳಿಯ ಶಾಖವನ್ನು ಎಳೆದುಕೊಳ್ಳುತ್ತದೆ. ಆವಿ ಪುನಃ ಕಂಪ್ರೆಸರಿಗೆ ಮರಳುತ್ತದೆ.

ಒಟ್ಟಿನಲ್ಲಿ ಒಳಗಿನ ಶಾಖವನ್ನು ಹೊತ್ತೊಯ್ದು ಹೊರಗೆ ಚೆಲ್ಲುವುದೇ ಎ.ಸಿ.ಯ ಕಾರ್ಯ. ಆದ್ದರಿಂದ ದೋಷವನ್ನು ಮೂರು ನೆಲೆಗಳಲ್ಲಿ ಹುಡುಕಬೇಕು: ಇವಾಪರೇಟರಿನ ಮೂಲಕ ಗಾಳಿ ಸರಿಯಾಗಿ ಹಾಯುತ್ತಿದೆಯೇ, ಕಂಡೆನ್ಸರಿನಿಂದ ಶಾಖ ಹೊರಹೋಗುತ್ತಿದೆಯೇ, ಗ್ಯಾಸ್ ಸರಿಯಾಗಿ ಸುತ್ತುತ್ತಿದೆಯೇ. ಮೊದಲೆರಡನ್ನು ಮಾಲಕರೇ ಮನೆಯಂಗಳದಲ್ಲಿ ಪರೀಕ್ಷಿಸಿಕೊಳ್ಳಬಹುದು.

ಮೊದಲು ಗಾಳಿ

ಬ್ಲೋವರನ್ನು ಗರಿಷ್ಠ ವೇಗದಲ್ಲಿಟ್ಟರೂ ಕಿಂಡಿಗಳಿಂದ ಬರುವ ಗಾಳಿ ಕ್ಷೀಣವಾಗಿದ್ದರೆ, ಮೊದಲು ನೋಡಬೇಕಾದುದು ಕ್ಯಾಬಿನ್ ಫಿಲ್ಟರ್. ಹೆಚ್ಚಿನ ಕಾರುಗಳಲ್ಲಿ ಇದು ಗ್ಲೋವ್ ಬಾಕ್ಸಿನ ಹಿಂದಿರುತ್ತದೆ. ದೆಹಲಿಯಂತಹ ಧೂಳಿನ ನಗರಗಳಲ್ಲಿ ಇದು ಬೇಗನೆ ಕಟ್ಟಿಕೊಳ್ಳುತ್ತದೆ. ಕೆಲವು ನೂರು ರೂಪಾಯಿಗಳ ಈ ಫಿಲ್ಟರ್ ಬದಲಿಸಿದೊಡನೆ ಎಷ್ಟೋ "ಗ್ಯಾಸ್ ದೋಷ"ಗಳು ಮಾಯವಾಗುತ್ತವೆ.

ಹೊರಟಾಗ ಚೆನ್ನಾಗಿ ಬೀಸುತ್ತಿದ್ದ ತಂಪು ಗಾಳಿ ಒಂದು ಗಂಟೆಯ ಪ್ರಯಾಣದ ಬಳಿಕ ಕ್ರಮೇಣ ಕಡಿಮೆಯಾಗಿ, ಎ.ಸಿ. ಆರಿಸಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಸರಿಹೋದರೆ, ಇವಾಪರೇಟರಿನ ಮೇಲೆ ಹಿಮ ಕಟ್ಟುತ್ತಿದೆ ಎಂದು ತಿಳಿಯಬೇಕು. ಅದರ ಉಷ್ಣತೆಯನ್ನು ಅಳೆಯುವ ಸೆನ್ಸರ್ ಅಥವಾ ಥರ್ಮೋಸ್ಟಾಟ್ ಕೆಟ್ಟಿರಬಹುದು.

ಗಾಳಿ ಧಾರಾಳವಾಗಿದ್ದರೂ ಒಂದು ಬದಿಯಲ್ಲಿ ಮಾತ್ರ ಬಿಸಿಯಾಗಿದ್ದರೆ, ಹೀಟರಿನ ಬಿಸಿಗಾಳಿಯನ್ನು ತಡೆಯುವ ಒಳಬಾಗಿಲು ಪೂರ್ತಿ ಮುಚ್ಚುತ್ತಿಲ್ಲವೆಂಬ ಶಂಕೆ ಸಹಜ. ಇವೆಲ್ಲವೂ ಗ್ಯಾಸ್ ತುಂಬಿಸುವುದರಿಂದ ಸರಿಹೋಗುವಂಥವಲ್ಲ.

ಶಾಖ ಹೊರಹೋಗುವ ದಾರಿ

ಹೆದ್ದಾರಿಯಲ್ಲಿ ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತಾಗ ಬಿಸಿ: ಮಹಾನಗರದ ವಾಹನ ದಟ್ಟಣೆಯಲ್ಲಿ ಅತ್ಯಂತ ಸಾಮಾನ್ಯವಾದ ದೂರು ಇದು. ಓಡುವಾಗ ಎದುರುಗಾಳಿಯೇ ಕಂಡೆನ್ಸರನ್ನು ತಣಿಸುತ್ತದೆ. ನಿಂತಾಗ ಆ ಕೆಲಸವನ್ನು ವಿದ್ಯುತ್ ಫ್ಯಾನ್ ಮಾಡಬೇಕು. ಆದ್ದರಿಂದ ಕಾರನ್ನು ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಎ.ಸಿ. ಹಾಕಿ, ಬಾನೆಟ್ ತೆರೆದು ಫ್ಯಾನ್ ತಿರುಗುತ್ತಿದೆಯೇ ಎಂದು ನೋಡಿ. ಕೆಲವು ಕಾರುಗಳಲ್ಲಿ ಅದು ಬಿಟ್ಟುಬಿಟ್ಟು ತಿರುಗುತ್ತದೆ. ಕೆಲವು ನಿಮಿಷ ಕಾಯಬೇಕು. ಕೈ, ಸೆರಗು, ದುಪಟ್ಟಾ ಯಾವುದೂ ಫ್ಯಾನ್ ಮತ್ತು ಬೆಲ್ಟಿನ ಬಳಿ ಸುಳಿಯದಿರಲಿ. ಫ್ಯಾನ್ ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರುಗಳನ್ನು ಕ್ರಮವಾಗಿ ಪರೀಕ್ಷಿಸಬೇಕು.

ಫ್ಯಾನ್ ಸರಿಯಿದ್ದರೆ ಕಂಡೆನ್ಸರಿನ ಎಲೆಗಳ ನಡುವೆ ಧೂಳು, ಕೀಟಗಳು, ಕೆಸರು ತುಂಬಿವೆಯೇ ಎಂದು ನೋಡಬೇಕು. ಎಂಜಿನ್ ತಣ್ಣಗಿರುವಾಗ ಮೆಲುವಾದ ನೀರಿನ ಧಾರೆಯಿಂದ ತೊಳೆಯಬಹುದು. ಅತಿಯಾದ ಒತ್ತಡದ ನೀರಿಗೆ ಅದರ ತೆಳು ಎಲೆಗಳು ಬಾಗಿಹೋಗುತ್ತವೆ. ಎಂಜಿನ್ನಿನ ಉಷ್ಣತೆಯ ಮುಳ್ಳು ಮಿತಿ ಮೀರಿ ಏರುತ್ತಿರುವಾಗ ತಂಪು ನಿಂತುಹೋದರೆ, ಎಂಜಿನ್ನನ್ನು ಉಳಿಸಲೆಂದು ಕಾರು ತಾನಾಗಿಯೇ ಕಂಪ್ರೆಸರನ್ನು ನಿಲ್ಲಿಸಿರಬಹುದು. ಆಗ ಚಿಕಿತ್ಸೆ ಬೇಕಾಗಿರುವುದು ಎ.ಸಿ.ಗಲ್ಲ, ಎಂಜಿನ್ನಿಗೆ.

ಕೊನೆಗೆ ಗ್ಯಾಸ್

ಎ.ಸಿ. ಗುಂಡಿ ಒತ್ತಿದಾಗ ಕಂಪ್ರೆಸರಿನ ಕ್ಲಚ್ "ಟಕ್" ಎಂದು ಕೂಡಿಕೊಳ್ಳುವ ಸದ್ದು ಕೇಳಿಸಬೇಕು. ಕ್ಲಚ್ ಇಲ್ಲದ ಕಂಪ್ರೆಸರುಗಳುಳ್ಳ ಕೆಲವು ಕಾರುಗಳಲ್ಲಿ ಈ ಸದ್ದು ಇರುವುದಿಲ್ಲ. ಕ್ಲಚ್ ಕೂಡದಿದ್ದರೆ ಎರಡು ಸಾಧ್ಯತೆಗಳು: ವಿದ್ಯುತ್ ಸಂಪರ್ಕದ ದೋಷ, ಇಲ್ಲವೇ ಗ್ಯಾಸ್ ತೀರಾ ಕಡಿಮೆಯಾಗಿ ಒತ್ತಡದ ಸ್ವಿಚ್ ಕಂಪ್ರೆಸರನ್ನು ತಡೆದಿರುವುದು. ಈ ಸ್ವಿಚ್ಚಿಗೆ ಒಂದು ತಂತಿ ಜೋಡಿಸಿ ಕಂಪ್ರೆಸರನ್ನು ಬಲವಂತವಾಗಿ ಓಡಿಸುವವರಿದ್ದಾರೆ. ಇದಕ್ಕೆ ಎಂದೂ ಒಪ್ಪಬೇಡಿ. ಕಂಪ್ರೆಸರಿನ ಎಣ್ಣೆ ಗ್ಯಾಸಿನೊಂದಿಗೇ ಸುತ್ತುತ್ತದೆ; ಗ್ಯಾಸ್ ಇಲ್ಲದಿದ್ದರೆ ಎಣ್ಣೆಯೂ ಮರಳುವುದಿಲ್ಲ. ಎಣ್ಣೆಯಿಲ್ಲದೆ ತಿರುಗಿದ ಕಂಪ್ರೆಸರ್ ಹಿಡಿದುಕೊಂಡು ನಿಂತರೆ, ಅದರ ಲೋಹದ ಪುಡಿ ಇಡೀ ವ್ಯವಸ್ಥೆಯಲ್ಲಿ ಹರಡುತ್ತದೆ. ಆಗ ಕಂಡೆನ್ಸರ್, ಡ್ರೈಯರ್, ವಾಲ್ವ್‌ಗಳನ್ನೂ ಬದಲಿಸುವ ಪ್ರಸಂಗ ಬರುತ್ತದೆ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಎರಡು ಗೇಜ್‌ಗಳನ್ನು ಜೋಡಿಸುತ್ತಾನೆ. ಎಂಜಿನ್ ನಿಲ್ಲಿಸಿರುವಾಗಿನ ಒತ್ತಡ ತೋರಿಸಿ "ಗ್ಯಾಸ್ ಸಾಕಷ್ಟಿದೆ" ಅಥವಾ "ಸಾಲದು" ಎಂದರೆ ಪೂರ್ತಿ ನಂಬುವಂತಿಲ್ಲ. ಒಳಗೆ ಸ್ವಲ್ಪ ದ್ರವ ಉಳಿದಿರುವವರೆಗೂ ಆ ಒತ್ತಡವು ಗ್ಯಾಸಿನ ಪ್ರಮಾಣವನ್ನಲ್ಲ, ಉಷ್ಣತೆಯನ್ನು ಅವಲಂಬಿಸಿರುತ್ತದೆ. ಆರ್-134ಎ ಗ್ಯಾಸಿಗೆ 30 ಡಿಗ್ರಿಯಲ್ಲಿ ಅದು ಸುಮಾರು 97 ಪಿ.ಎಸ್.ಐ.; ಗ್ಯಾಸ್ ಪೂರ್ಣವಿದ್ದರೂ ಅಷ್ಟೇ, ಅರೆಯಿದ್ದರೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಎ.ಸಿ. ಓಡುತ್ತಿರುವಾಗಲೇ ಎರಡೂ ಮುಳ್ಳುಗಳನ್ನು ಜೊತೆಯಾಗಿ ಓದಬೇಕು.

ಎರಡೂ ಕಡೆಯ ಒತ್ತಡ ಕಡಿಮೆಯಿದ್ದರೆ ಗ್ಯಾಸ್ ಸೋರಿಹೋಗಿರುವ ಸಂಭವ ಹೆಚ್ಚು. ಎರಡೂ ಹೆಚ್ಚಿದ್ದರೆ ಕಂಡೆನ್ಸರ್ ತಣಿಯುತ್ತಿಲ್ಲ, ಇಲ್ಲವೇ ಗ್ಯಾಸ್ ಅತಿಯಾಗಿದೆ, ಇಲ್ಲವೇ ಒಳಗೆ ಗಾಳಿ ಸೇರಿದೆ. ಕೆಳಗಿನ ಒತ್ತಡ ಹೆಚ್ಚಾಗಿ ಮೇಲಿನದು ಕಡಿಮೆಯಿದ್ದರೆ ಕಂಪ್ರೆಸರ್ ದುರ್ಬಲವಾಗಿದೆ. ಕೆಳಗಿನ ಮುಳ್ಳು ಶೂನ್ಯದತ್ತ ಇಳಿದು ಮತ್ತೆ ಏರುತ್ತಿದ್ದರೆ, ಒಳಗಿನ ತೇವ ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಹೆಪ್ಪುಗಟ್ಟಿ ಕರಗುತ್ತಿರಬಹುದು. ನಾಲ್ಕರಲ್ಲಿ ಗ್ಯಾಸ್ ಕಡಿಮೆಯಾಗಿರುವುದನ್ನು ನೇರವಾಗಿ ಸೂಚಿಸುವುದು ಮೊದಲನೆಯದು ಮಾತ್ರ.

ಸೋರಿಕೆಯ ಶೋಧ

ಗ್ಯಾಸ್ ಕಣ್ಣಿಗೆ ಕಾಣದು. ಆದರೆ ಅದರೊಂದಿಗೆ ಹೊರಬರುವ ಎಣ್ಣೆ ಕಾಣುತ್ತದೆ. ಕೊಳವೆಗಳ ಸಂದಿನಲ್ಲಿ, ಕಂಪ್ರೆಸರಿನ ಮೂತಿಯಲ್ಲಿ, ಕಂಡೆನ್ಸರಿನ ಮೇಲೆ ಧೂಳು ಅಂಟಿದ ಜಿಡ್ಡಿನ ಕಲೆಯಿದ್ದರೆ ಅದೇ ಸುಳಿವು. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಉಪ್ಪುಗಾಳಿಗೆ ಅಲ್ಯೂಮಿನಿಯಂ ಕಂಡೆನ್ಸರ್ ಸವೆಯುತ್ತದೆ. ಹೆದ್ದಾರಿಯ ಕಲ್ಲುಚೂರುಗಳ ಪೆಟ್ಟೂ ಮೊದಲು ಅದಕ್ಕೇ. ಕೆಲವೊಮ್ಮೆ ಗ್ಯಾಸ್ ತುಂಬಿಸುವ ಬಾಯಿಯ ಪುಟ್ಟ ವಾಲ್ವ್ ಅಥವಾ ಒಂದು ರಬ್ಬರ್ ಓ-ರಿಂಗ್ ಮಾತ್ರವೇ ಕಾರಣವಾಗಿರುತ್ತದೆ. ಇವು ಅಗ್ಗದ ದುರಸ್ತಿಗಳು. ಇವಾಪರೇಟರ್ ಸೋರಿದರೆ ಮಾತ್ರ ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾಗುತ್ತದೆ. ಅಂತಹ ದೊಡ್ಡ ಕೆಲಸಕ್ಕೆ ಒಪ್ಪುವ ಮುನ್ನ ಸೋರಿಕೆ ಅಲ್ಲಿಯೇ ಇದೆಯೆಂಬುದನ್ನು ಎಲೆಕ್ಟ್ರಾನಿಕ್ ಶೋಧಕದಿಂದಾಗಲಿ, ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣದಿಂದಾಗಲಿ, ನೈಟ್ರೋಜನ್ ಒತ್ತಡದ ಪರೀಕ್ಷೆಯಿಂದಾಗಲಿ ತೋರಿಸಿಕೊಡುವಂತೆ ಕೇಳುವುದು ಮಾಲಕರ ಹಕ್ಕು.

ದುರಸ್ತಿಯ ಬಳಿಕ ನೇರವಾಗಿ ಗ್ಯಾಸ್ ತುಂಬಿಸುವುದೂ ಸರಿಯಲ್ಲ. ಮೊದಲು ವ್ಯಾಕ್ಯೂಮ್ ಪಂಪಿನಿಂದ ಕನಿಷ್ಠ ಅರ್ಧ ಗಂಟೆ ಒಳಗಿನ ಗಾಳಿಯನ್ನು ಹೊರತೆಗೆಯಬೇಕು. ಆ ಬರಿದಾದ ಸ್ಥಿತಿಯಲ್ಲಿ ನೀರಿನಂಶ ಸಾಮಾನ್ಯ ಉಷ್ಣತೆಯಲ್ಲಿಯೇ ಕುದಿದು ಆವಿಯಾಗಿ ಹೊರಹೋಗುತ್ತದೆ. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಕದಲದೆ ನಿಂತರೆ ಮಾತ್ರ ಮುಂದುವರಿಯಬೇಕು. ಬಾನೆಟ್ಟಿನ ಅಡಿಯ ಚೀಟಿಯಲ್ಲಿ ಗ್ಯಾಸಿನ ಹೆಸರು ಹಾಗೂ ಗ್ರಾಂಗಳಲ್ಲಿ ಪ್ರಮಾಣ ಮುದ್ರಿತವಾಗಿರುತ್ತದೆ. ಅಷ್ಟನ್ನೇ ತೂಕ ಮಾಡಿ ತುಂಬಿಸಬೇಕು. ಅಗ್ಗವೆಂದು ಬೇರೆ ಅನಿಲ ಬೆರೆಸಲು ಬಿಡಬೇಡಿ. ಬೆಂಕಿ ಹತ್ತುವ ಹೈಡ್ರೋಕಾರ್ಬನ್ ಮಿಶ್ರಣಗಳೂ ಅವುಗಳಲ್ಲಿರಬಹುದು. ಹಳೆಯ ಗ್ಯಾಸನ್ನು ಬಯಲಿಗೆ ಬಿಡುವುದೂ ತಕ್ಕುದಲ್ಲ. ಭೂಮಿಯ ತಾಪವನ್ನು ಏರಿಸುವುದರಲ್ಲಿ ಆರ್-134ಎ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಇಂತಹ ಅನಿಲಗಳ ಬಳಕೆಯನ್ನು ಹಂತಹಂತವಾಗಿ ತಗ್ಗಿಸುವ 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದೆ.

ಇನ್ನು ಕೆಲವು ಮಾತುಗಳು

ನಿಂತ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕುವುದು ದೋಷವಲ್ಲ. ಗಾಳಿಯ ತೇವವೇ ಹನಿಗಟ್ಟಿ ಇಳಿಯುವುದು. ಆದರೆ ಆ ನೀರು ಒಳಗಡೆ ಕಾಲಡಿಯಲ್ಲಿ ನಿಂತರೆ ಹೊರಹರಿಯುವ ಕೊಳವೆ ಕಟ್ಟಿದೆ. ಮುಗ್ಗಲು ವಾಸನೆ ಬಂದರೆ ಇವಾಪರೇಟರಿನ ಮೇಲೆ ಬೂಷ್ಟು ಬೆಳೆದಿದೆ. ಸಿಹಿಯಾದ ವಾಸನೆಯೊಂದಿಗೆ ಗಾಜು ಮಬ್ಬಾಗುತ್ತಿದ್ದರೆ ಹೀಟರಿನಿಂದ ಎಂಜಿನ್ನಿನ ಕೂಲಂಟ್ ಸೋರುತ್ತಿರಬಹುದು. ಚಳಿಗಾಲದಲ್ಲಿಯೂ ಎರಡು ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಿದರೆ ಕಂಪ್ರೆಸರಿನ ಸೀಲ್‌ಗಳು ಎಣ್ಣೆಯಿಂದ ನೆನೆದು ಒಣಗದೆ ಉಳಿಯುತ್ತವೆ. ವಿದ್ಯುತ್ ಕಾರುಗಳ ಕಂಪ್ರೆಸರ್ ಅಧಿಕ ವೋಲ್ಟೇಜಿನಲ್ಲಿ ನಡೆಯುವುದರಿಂದ ಅದಕ್ಕೆ ತರಬೇತಿ ಪಡೆದವರು ಮಾತ್ರ ಕೈಹಚ್ಚಬೇಕು. ಎ.ಸಿ. ಎಷ್ಟೇ ಸುಸ್ಥಿತಿಯಲ್ಲಿರಲಿ, ನಿಲ್ಲಿಸಿದ ಕಾರಿನಲ್ಲಿ ಎಂಜಿನ್ ಚಾಲೂ ಇಟ್ಟು ಗಾಜು ಮುಚ್ಚಿ ಮಲಗುವುದು ಪ್ರಾಣಾಪಾಯಕಾರಿ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿದರೆ ಅರಿವಿಗೇ ಬರುವುದಿಲ್ಲ.

ವೈದ್ಯರ ಬಳಿ ಹೋದಾಗ ಜ್ವರ ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ವಿವರಿಸುವಂತೆ, ಗ್ಯಾರೇಜಿನಲ್ಲಿಯೂ "ತಂಪಾಗುವುದಿಲ್ಲ" ಎಂದಷ್ಟೇ ಹೇಳದೆ, ನಿಂತಾಗಲೋ ಓಡುವಾಗಲೋ, ಗಾಳಿ ಕಡಿಮೆಯೋ ಬಿಸಿಯೋ, ಒಂದು ಬದಿಯೋ ಎರಡೂ ಬದಿಯೋ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ. ಊರಿಗೆ ಹೊರಡುವ ಮುನ್ನಾದಿನದ ಬದಲು ಎರಡು ವಾರ ಮೊದಲೇ ಈ ಪರೀಕ್ಷೆ ಮಾಡಿಸಿಕೊಂಡರೆ, ಸೋರಿಕೆ ಹುಡುಕಲು ಮೆಕ್ಯಾನಿಕ್‌ಗೂ ಸಮಯ ದೊರೆಯುತ್ತದೆ, ಮಾಡಿದ ದುರಸ್ತಿ ನಿಂತಿತೋ ಇಲ್ಲವೋ ಎಂಬುದು ತಮಗೂ ತಿಳಿಯುತ್ತದೆ.