ಫ್ಯೂಸ್ ಇರಬೇಕಾದ್ದು ಬ್ಯಾಟರಿ ಪಕ್ಕ

"ಬರೀ 12 ವೋಲ್ಟ್ ತಾನೇ, ಏನಾಗುತ್ತೆ?" ಅಂದ್ಕೊಂಡೇ ನಾವು ಗೆಳೆಯನ ಹಳೇ ಕಾರಿಗೆ ಆಂಪ್ಲಿಫೈಯರ್ ಕೂರಿಸಿದೆವು. ಶಾಕ್ ಹೊಡೆಯಲ್ಲ, ನಿಜ. ಆದರೆ ಬೆಂಕಿ ಹತ್ತಬಹುದು. 12 ವೋಲ್ಟ್‌ನಲ್ಲಿ 600 ವ್ಯಾಟ್ ಎಳೆದರೆ 50 ಆಂಪಿಯರ್. ಮನೆಯ 2000 ವ್ಯಾಟ್ ಗೀಸರ್ ಎಳೆಯೋದೇ ಸುಮಾರು 9.

ನಾವು ಫ್ಯೂಸನ್ನು ಡಿಕ್ಕಿಯಲ್ಲಿ, ಆಂಪ್ ಪಕ್ಕ ಹಾಕಿದ್ದೆವು. ಅದೇ ತಪ್ಪು. ಬ್ಯಾಟರಿಯಿಂದ ಡಿಕ್ಕಿವರೆಗಿನ ವೈರ್ ನಡುವೆ ಎಲ್ಲಾದರೂ ಸವೆದು ಕಾರಿನ ಲೋಹಕ್ಕೆ ತಾಗಿದರೆ, ನೂರಾರು ಆಂಪಿಯರ್ ಹರಿದರೂ ಆ ಫ್ಯೂಸ್‌ಗೆ ಗೊತ್ತೇ ಆಗಲ್ಲ. ಈ ಫ್ಯೂಸ್ ಕಾಪಾಡಬೇಕಾದ್ದು ವೈರನ್ನು. ಹಾಗಾಗಿ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಲಿ, ರೇಟಿಂಗ್ ವೈರ್ ತಾಳುವಷ್ಟನ್ನು ಮೀರದಿರಲಿ. ವೈರ್ ತೂರುವ ತೂತಿಗೆ ರಬ್ಬರ್ ಗ್ರಾಮೆಟ್ ಹಾಕಿ. ಕೆಲಸಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ.

ನಾವು ಮತ್ತೆ ಬಿಚ್ಚಿ ನೋಡಿದಾಗ, ತೂತಿನ ಅಂಚಿಗೆ ಉಜ್ಜಿ ಇನ್ಸುಲೇಷನ್ ಆಗಲೇ ಅರ್ಧ ಸವೆದಿತ್ತು.